ಹಲಗೆಯ ಮೇಲಿನ ಕೈ

ಎಲ್ಲ ಶುರುವಾದದ್ದು ಒಂದು ಸ್ಕ್ರೂಡ್ರೈವರಿನಿಂದ. ಪಕ್ಕದ ಮನೆಯ ಟೈಲರ್ ಅಕ್ಕನ ಹೊಲಿಗೆ ಯಂತ್ರದ ತಿರುಪು ಬೆಳ್ಳಂಬೆಳಿಗ್ಗೆ ಸಡಿಲವಾಯಿತು. ಅವಳು ಎಂದಿನಂತೆ ಉಳಿಮಾವನ ಶೆಡ್ಡಿಗೆ ಬಂದಳು. ಉಳಿಮಾವ ಎಂದಿನಂತೆ ಹುಡುಕತೊಡಗಿದ.

ಉಳಿಮಾವ ಸರ್ವೀಸಿನುದ್ದಕ್ಕೂ ಊರಿನ ನೀರಿನ ಮೀಟರ್ ಓದಿದವನು. ಊರಿನ ಎಲ್ಲ ಗೇಟುಗಳನ್ನೂ ಕಂಡಿದ್ದ, ಒಂದು ಮನೆಯ ಒಳಗನ್ನೂ ಕಂಡಿರಲಿಲ್ಲ. "ಬರ್ಕೊಂಡ್ರಾ? ಸರಿ" ಎಂದು ಬಾಗಿಲು ಹಾಕಿಕೊಳ್ಳುವವರೇ ಎಲ್ಲ. ರಿಟೈರಾದ ವರ್ಷವೇ ಹೆಂಡತಿಯೂ ತೀರಿಕೊಂಡಳು. ಮನೆಯ ಮೌನ ತಡೆಯಲಾರದೆ ಹಿತ್ತಲ ಶೆಡ್ಡಿನಲ್ಲಿ ಮರಗೆಲಸ ಹಿಡಿದ. ಸದಾ ಕೈಯಲ್ಲಿ ಉಳಿ ಇರುತ್ತಿದ್ದುದರಿಂದ ಬೀದಿಗೆಲ್ಲ ಉಳಿಮಾವನಾದ. ಅವನು ಮಾಡಿದ ಸ್ಟೂಲುಗಳ ಮೇಲೆ ಕೂರಲು ಧೈರ್ಯ ಬೇಕಿತ್ತು ನಿಜ, ಆದರೆ ಅವನ ಉಪಕರಣಗಳು ಒಂದಕ್ಕಿಂತ ಒಂದು ಚೆನ್ನಾಗಿದ್ದವು. ಬೀದಿಯವರೆಲ್ಲ ಎರವಲಿಗೆ ಬರುತ್ತಿದ್ದರು.

ಶೆಡ್ಡಂತೂ ಸುಂಟರಗಾಳಿ ಬೀಸಿಹೋದ ಹಾಗಿತ್ತು. ಆದರೆ ಒಂದು ಗುಟ್ಟು ಹೇಳಿಬಿಡುತ್ತೇನೆ: ಯಾವ ವಸ್ತು ಎಲ್ಲಿದೆ ಎಂದು ಉಳಿಮಾವನಿಗೆ ಚೆನ್ನಾಗಿ ಗೊತ್ತಿತ್ತು. ಸ್ಕ್ರೂಡ್ರೈವರ್ ಬಣ್ಣದ ಡಬ್ಬಿಯ ಹಿಂದಿದ್ದರೆ ಅವನು ಮೊದಲು ಮೊಳೆಯ ಡಬ್ಬಿ ಬೋರಲು ಹಾಕುತ್ತಿದ್ದ, ಆಮೇಲೆ ಬೆಂಚಿನ ಕೆಳಗೆ ತೂರುತ್ತಿದ್ದ. ಅಷ್ಟರಲ್ಲಿ ಬಂದವರು ಕೂರುತ್ತಿದ್ದರು. ಕೂತವರು ಸುಮ್ಮನಿರುತ್ತಾರೆಯೇ? ಅತ್ತೆಯ ಮಂಡಿನೋವು, ಮಗಳ ಹಟ, ಮೇಲಧಿಕಾರಿಯ ಕಿರಿಕಿರಿ ಎಲ್ಲ ಹೊರಗೆ ಬರುತ್ತಿತ್ತು. ಬೆಂಚಿನ ಕೆಳಗಿನಿಂದಲೇ ಉಳಿಮಾವ "ಹೌದಾ? ಆಮೇಲೆ?" ಎನ್ನುತ್ತಿದ್ದ. ಅವನ ದಿನದ ಮಾತುಕತೆ ಅಂದರೆ ಅಷ್ಟೇ.

ಆ ದಿನ ಟೈಲರ್ ಅಕ್ಕ ಕೂರಲಿಲ್ಲ.

"ಮಾವ, ಯೂನಿಫಾರ್ಮ್ ಆರ್ಡರು ತಲೆ ಮೇಲೆ ಕೂತಿದೆ. ನೀವು ಹುಡುಕೋದ್ರೊಳಗೆ ನಾನು ಎರಡು ಚಡ್ಡಿ ಹೊಲೀತಿದ್ದೆ. ಇನ್ಮೇಲೆ ಮೂಲೆ ಅಂಗಡಿಯವನನ್ನೇ ಕೇಳ್ತೀನಿ ಬಿಡಿ."

ಉಳಿಮಾವ ನೇರವಾಗಿ ಬಣ್ಣದ ಡಬ್ಬಿಯ ಹಿಂದೆ ಕೈ ಹಾಕಿದ. ಸ್ಕ್ರೂಡ್ರೈವರ್ ತಟ್ಟನೆ ಸಿಕ್ಕಿಬಿಟ್ಟಿತು. "ಇಲ್ಲಮ್ಮ, ಇವತ್ತೇ ಎಲ್ಲ ಜೋಡಿಸಿಬಿಡ್ತೀನಿ! ಸಂಜೆ ಬಂದು ನೋಡು" ಎಂದ. ಶೆಡ್ ಅಂದವಾದರೆ ಜನ ಬರುತ್ತಾರೆ, ಇನ್ನೂ ಹೆಚ್ಚು ಹೊತ್ತು ಕೂರುತ್ತಾರೆ ಎಂದು ಅವನ ಲೆಕ್ಕ.

ಅವನು ಒಂದು ದೊಡ್ಡ ಬಿಳಿ ಪ್ಲೈವುಡ್ ಹಲಗೆ ಎಳೆದು ತರುವುದರೊಳಗೆ ಸಲಹೆ ಕೊಡುವವರು ಹಾಜರಾದರು. ಎದುರು ಮನೆಯ ಕಂಪೌಂಡರ್, "ನಮ್ಮ ಮಾತ್ರೆ ಜೋಡಿಸೋ ಹಾಗೆ ಅಕಾರಾದಿ ಮಾಡಿ ಮಾವ. ಅರ ಮೊದಲು, ಹಾರೆ ಕೊನೆಗೆ" ಎಂದ.

ತುದಿಮನೆಯ ಡ್ರೈವಿಂಗ್ ಮೇಷ್ಟ್ರು ನಕ್ಕುಬಿಟ್ಟ. "ಹಾರೆ ಬೇಕಾದವನು ಅಕ್ಷರಮಾಲೆ ಪೂರ್ತಿ ಹೇಳ್ಕೊಂಡು ಬರಬೇಕೇನ್ರೀ? ನಾನು ಹೇಳ್ತೀನಿ ಕೇಳಿ. ಉಪಕರಣ ಎಲ್ಲ ಹಲಗೆ ಮೇಲಿಡಿ. ಮೇಲೆ ಕಪ್ಪು ಬಣ್ಣ ಸ್ಪ್ರೇ ಮಾಡಿ. ಎತ್ತಿದ್ರೆ ಪ್ರತಿಯೊಂದರ ಆಕಾರ ಬೆಳ್ಳಗೆ ಉಳಿಯುತ್ತೆ. ಅಲ್ಲೊಂದು ಕೊಕ್ಕೆ ಹೊಡೆದ್ರೆ ಆಯ್ತು, ಕುರುಡನಿಗೂ ಗೊತ್ತಾಗುತ್ತೆ ಯಾವುದು ಎಲ್ಲಿ ಅಂತ."

ಕುರುಡನಿಗೆ ಹೇಗೆ ಗೊತ್ತಾಗುತ್ತದೆ ಎಂದು ಯಾರೂ ಕೇಳಲಿಲ್ಲ. ಮೇಷ್ಟ್ರ ಮನೆಯಲ್ಲಿ ಕಪ್ಪು ಸ್ಪ್ರೇಗೆ ಬರವಿರಲಿಲ್ಲ, ಅವನ ಶಿಷ್ಯರು ಕಾರಿಗೆ ಮಾಡುವ ಗೀರುಗಳಿಗೆ ಅದೇ ಔಷಧ. ಹಲಗೆಯನ್ನು ಬೆಂಚಿನ ಮೇಲೆ ಮಲಗಿಸಿ ಸುತ್ತಿಗೆ, ಉಳಿ, ಕೀಸುಳಿಗಳನ್ನೆಲ್ಲ ಹರಡಿದರು. ಬೆಂಚೂ ಉಳಿಮಾವನೇ ಮಾಡಿದ್ದು, ಆದ್ದರಿಂದ ಹಲಗೆ ಜಾರತೊಡಗಿತು. ಕಂಪೌಂಡರ್ ಅಂಗೈ ಅಗಲಿಸಿ ಮೂಲೆಯನ್ನು ಒತ್ತಿ ಹಿಡಿದ. ಮೇಷ್ಟ್ರು ಕಣ್ಣಿಗೆ ಬಣ್ಣ ಹಾರದಿರಲೆಂದು ಮುಖ ತಿರುಗಿಸಿಕೊಂಡು ಪಿಚಕಾರಿ ಬಿಟ್ಟ ಹಾಗೆ ಬಿಟ್ಟ.

"ಅಯ್ಯೋ ನನ್ನ ಕೈ!"

"ಕೈ ತೆಗೀರಿ ಅಂತ ಹೇಳೋಣ ಅಂತಿದ್ದೆ" ಎಂದ ಮೇಷ್ಟ್ರು.

"ಯಾವಾಗ ಹೇಳೋಣ ಅಂತಿದ್ರಿ? ನಾಳೆ ಈ ಕೈಯಲ್ಲಿ ಸೂಜಿ ಹಿಡಿದ್ರೆ ರೋಗಿಗಳು ಮಂಚ ಹಾರಿ ಓಡ್ತಾರೆ!"

ಹಲಗೆ ಮಾತ್ರ ಸೊಗಸಾಗಿ ಬಂದಿತ್ತು. ಕಪ್ಪಿನ ನಡುವೆ ಬೆಳ್ಳಗೆ ಸುತ್ತಿಗೆ, ಬೆಳ್ಳಗೆ ಉಳಿ, ಮೂಲೆಯಲ್ಲಿ ಬೆಳ್ಳಗೆ ಒಂದು ಅಂಗೈ. ಉಳಿಮಾವ ನಕ್ಕು ನಕ್ಕು ಸುಸ್ತಾದ. ಎಷ್ಟು ದಿನವಾಗಿತ್ತು ಆ ಶೆಡ್ಡಿನಲ್ಲಿ ಮೂವರು ಒಟ್ಟಿಗೆ ನಿಂತು!

ಅವರು ಹೋದ ಮೇಲೆ ಅವನು ಹಲಗೆಯನ್ನು ಗೋಡೆಗೆ ಹೊಡೆದು, ಕೊಕ್ಕೆ ಹಾಕಿ, ಎಲ್ಲ ತೂಗುಹಾಕಿದ. ಎರವಲು ಹೋಗಿದ್ದ ಮೂರನ್ನು ಅಂದಾಜಿನ ಮೇಲೆ ಬಿಳಿ ಬಣ್ಣದಲ್ಲಿ ಬರೆದು ಜಾಗ ಕಾದಿರಿಸಿದ: ಗರಗಸ, ಇಕ್ಕಳ, ಬೈರಿಗೆ. ಒಯ್ದವರನ್ನು ನಾಚಿಸಬೇಕೆಂಬ ಯೋಚನೆ ಅವನ ಕನಸಿನಲ್ಲೂ ಇರಲಿಲ್ಲ.

ಸಂಜೆ ಟೈಲರ್ ಅಕ್ಕ, ಕಂಪೌಂಡರ್, ಮೇಷ್ಟ್ರು ಮೂವರೂ ನೋಡಲು ಬಂದರು. ಹಲಗೆ ನೋಡಿ "ಭೇಷ್!" ಎಂದವರು ಖಾಲಿ ಆಕಾರಗಳ ಮುಂದೆ ಬಂದೊಡನೆ ಗಕ್ಕನೆ ನಿಂತುಬಿಟ್ಟರು. ಗರಗಸ ಕಂಪೌಂಡರನ ಅಟ್ಟದ ಮೇಲಿತ್ತು. ಬೈರಿಗೆ ಮೇಷ್ಟ್ರ ಕಾರಿನ ಡಿಕ್ಕಿಯಲ್ಲಿತ್ತು. ಇಕ್ಕಳದಿಂದ ಟೈಲರ್ ಅಕ್ಕ ವರ್ಷದಿಂದ ಬಿಸಿ ಪಾತ್ರೆ ಇಳಿಸುತ್ತಿದ್ದಳು. ಉಳಿಮಾವ ಚಹಾಕ್ಕೆ ನೀರಿಟ್ಟು ಬರುವುದರೊಳಗೆ ಮೂವರೂ ಮಾಯ.

ಸ್ವಲ್ಪ ಹೊತ್ತಿಗೆ ಒಬ್ಬೊಬ್ಬರಾಗಿ ಓಡಿಬಂದು ತಮ್ಮ ತಮ್ಮ ಬಾಕಿಯನ್ನು ಕೊಕ್ಕೆಗೆ ತಗುಲಿಸಿದರು. ಉಳಿಮಾವ ನಾಲ್ಕು ಲೋಟ ಹಿಡಿದು ನಿಂತಿದ್ದ. "ಕೂತ್ಕೊಳ್ಳಿ, ಕೂತ್ಕೊಳ್ಳಿ."

"ಕೂರೋಕೆ ಬಂದಿಲ್ಲ ಮಾವ" ಎಂದ ಮೇಷ್ಟ್ರು. ಮುಖ ಹುಳ್ಳಗಾಗಿತ್ತು. "ಇಷ್ಟು ವರ್ಷ ನಿಮ್ಮ ಪ್ರಾಣ ತಿಂದ್ವಿ. ನೀವು ಒಂದು ದಿನವೂ ಬಾಯಿಬಿಟ್ಟು ಹೇಳಲಿಲ್ಲ. ಇವತ್ತು ಗೋಡೆ ಮೇಲೆ ಬರೆದು ತೋರಿಸಬೇಕಾಯ್ತು."

"ಅಯ್ಯೋ, ಅದು ಹಾಗಲ್ಲ..."

"ಗೊತ್ತು ಮಾವ, ನೀವು ದೊಡ್ಡವರು, ಹಾಗೇ ಅಂತೀರಿ" ಎಂದಳು ಟೈಲರ್ ಅಕ್ಕ. "ಅದಕ್ಕೇ ನಾವೆಲ್ಲ ಸೇರಿ ಬೀದಿಗೇ ಅಂತ ಒಂದು ಸೆಟ್ಟು ತಂದುಬಿಡ್ತೀವಿ. ಮೇಷ್ಟ್ರ ಗ್ಯಾರೇಜಿನಲ್ಲಿರುತ್ತೆ. ಇನ್ನು ನಿಮಗೆ ಯಾರ ಕಾಟವೂ ಇಲ್ಲ. ಹಾಯಾಗಿರಿ."

ಚಹಾವನ್ನು ನಿಂತೇ ಕುಡಿದರು. ಹೋಗುವಾಗ ಕಂಪೌಂಡರ್ ತನ್ನ ಕಪ್ಪು ಕೈಯಿಂದ ಶೆಡ್ಡಿನ ಬಾಗಿಲನ್ನೂ ಮೆಲ್ಲಗೆ ಮುಂದೆ ಮಾಡಿಕೊಂಡು ಹೋದ.

ಉಳಿಮಾವ ಸ್ಟೂಲಿನ ಮೇಲೆ ಕೂತ. ಎಲ್ಲ ಅದರದರ ಜಾಗದಲ್ಲಿತ್ತು, ಹುಡುಕಲು ಏನೂ ಉಳಿದಿರಲಿಲ್ಲ. ಖಾಲಿ ಇದ್ದದ್ದು ಆ ಅಂಗೈ ಒಂದೇ. ಅವನು ಎದ್ದು ಅದರ ಮೇಲೆ ತನ್ನ ಕೈ ಇಟ್ಟು ನೋಡಿದ. ಅಳತೆ ಸರಿಹೋಗಲಿಲ್ಲ. ಬಹಳ ಬೇಸರವಾಯಿತು.

ಮೂರನೆಯ ದಿನ ಒಂದು ಉಪಾಯ ಹೊಳೆಯಿತು. ತನ್ನ ಸುತ್ತಿಗೆಯನ್ನು ಕೊಕ್ಕೆಯಿಂದ ಇಳಿಸಿ ಮರದ ಹೊಟ್ಟಿನ ರಾಶಿಯೊಳಗೆ ಹೂತ. ತಲೆ ಬಾಚಿಕೊಂಡು ಮೇಷ್ಟ್ರ ಮನೆಗೆ ನಡೆದ. ಎರವಲಿಗೆ ಹೋದವನನ್ನು ಕೂರಿಸಲೇಬೇಕು. ಮೇಷ್ಟ್ರು ಹುಡುಕುವಷ್ಟು ಹೊತ್ತು ತಾನು ಸ್ಟೂಲಿನ ಮೇಲೆ ಕೂತು ಮಂಡಿನೋವಿನ ಕತೆ ಹೇಳಬಹುದು. ದಾರಿಯುದ್ದಕ್ಕೂ ಎಲ್ಲಿಂದ ಶುರುಮಾಡುವುದೆಂದು ಜೋಡಿಸಿಕೊಂಡ.

"ಮೇಷ್ಟ್ರೇ, ಒಂದು ಸುತ್ತಿಗೆ ಬೇಕಿತ್ತು. ನಂದೆಲ್ಲೋ ಕಳೆದುಹೋಯ್ತು..."

ಮಾತು ಮುಗಿಯುವ ಮುಂಚೆ ಸುತ್ತಿಗೆ ಗೇಟಿನ ಸಂದಿಯಿಂದ ಅವನ ಕೈಗೆ ಬಂದಿತ್ತು.

"ನೋಡಿದ್ರಾ ಹೇಗೆ!" ಮೇಷ್ಟ್ರ ಮುಖ ಹಿಗ್ಗಿತ್ತು. "ನಾವೂ ಹಲಗೆ ಮಾಡಿದೀವಿ, ಥೇಟ್ ನಿಮ್ಮ ಥರಾನೇ. ಕಣ್ಣುಮುಚ್ಚಿ ತೆಗೆಯೋದ್ರೊಳಗೆ ಸಿಗುತ್ತೆ. ಹಾಂ ಮಾವ, ವಾಪಸ್ ಕೊಡೋಕೆ ಅಂತ ಕರೆಗಂಟೆ ಒತ್ತೋ ತೊಂದ್ರೆ ತಗೋಬೇಡಿ. ಗೇಟಿಗೇ ಒಂದು ಕೊಕ್ಕೆ ಹಾಕಿದೀನಿ, ತಗುಲಿಸಿ ಹೋಗಿಬಿಡಿ. ಸರಿನಾ?"

ಬಾಗಿಲು ಮುಚ್ಚಿತು.

ಕೊಕ್ಕೆಯ ಪಕ್ಕದಲ್ಲೇ ನೀರಿನ ಮೀಟರ್ ಇತ್ತು. ಉಳಿಮಾವ ಅಭ್ಯಾಸಬಲದಿಂದ ಬಗ್ಗಿ ಅದನ್ನು ಓದಿಕೊಂಡು, ಸುತ್ತಿಗೆ ಹಿಡಿದು ಮನೆಯ ಕಡೆ ಹೊರಟ.