ಸ್ವಂತ ಎಂಜಲನ್ನು ಸಂವೇದಕದ ಮೇಲೆ ಇರಿಸುವ ಬಗ್ಗೆ

ಸಂವೇದಕ ಪ್ರಯೋಗಾಲಯ, ಮಹಾಪೆ, ನವಿ ಮುಂಬಯಿ
ಸುತ್ತೋಲೆ ಸಂಖ್ಯೆ: ಸಂ.ಪ್ರ./ಎಂಜಲು/2/2025

ವಿಷಯ: ದೃಢಪಡದ ಫಲಿತಾಂಶವನ್ನು ನಂಬಿ ಸಹೋದ್ಯೋಗಿಗೆ ಮನಸ್ಸಿನ ಮಾತು ತಿಳಿಸುವ ಕುರಿತು.
ಉಲ್ಲೇಖ: ಕಳೆದ ಮಂಗಳವಾರ ಕ್ಯಾಂಟೀನಿನಲ್ಲಿ ಎಲ್ಲರೂ ಕೇಳಿಸಿಕೊಂಡದ್ದು.

1. ಡಿಎನ್‌ಎಯಲ್ಲಿರುವ ಗ್ವಾನಿನ್ ಎಂಬ ಘಟಕವು ಆಮ್ಲಜನಕದ ಹೊಡೆತಕ್ಕೆ ಸಿಕ್ಕಿ ಮಾರ್ಪಟ್ಟಿದ್ದರೆ ಅದನ್ನು ಪತ್ತೆಹಚ್ಚುವ ವಿದ್ಯುತ್‌ರಾಸಾಯನಿಕ ಸಂವೇದಕವನ್ನು ಇಲ್ಲಿ ತಯಾರಿಸಲಾಗುತ್ತಿದೆ. ಪರೀಕ್ಷೆಗಿಟ್ಟ ಹನಿಯಲ್ಲಿ ಅಂತಹ ಗ್ವಾನಿನ್ ಇದ್ದಲ್ಲಿ ಪರದೆಯ ಗೆರೆ ಗುಡ್ಡದಂತೆ ಏಳುತ್ತದೆ. ಇದು ಗಂಭೀರ ರೋಗದ ಸುಳಿವಾಗಿರಬಹುದಾದರೂ, ಗುಡ್ಡ ಎದ್ದ ಮಾತ್ರಕ್ಕೆ ಯಾರೂ ಸಾಯುವುದಿಲ್ಲವೆಂದು ಈ ಮೂಲಕ ಸ್ಪಷ್ಟಪಡಿಸಲಾಗಿದೆ.

2. ಆದಾಗ್ಯೂ ಲೆಕ್ಕಶಾಖೆಯ ಶ್ರೀ ಲೀಲಾಧರ (ಖಾರಘರ ನಿವಾಸಿ, ಅವಿವಾಹಿತ, ನಿವೃತ್ತಿಗೆ ಸಮೀಪ) ಅವರು ಯಾರ ಅನುಮತಿಯನ್ನೂ ಪಡೆಯದೆ ತಮ್ಮ ಎಂಜಲಿನ ಹನಿಯನ್ನು ಸಂವೇದಕದ ಮೇಲೆ ಇರಿಸಿರುತ್ತಾರೆ. ಗುಡ್ಡ ಎದ್ದಿರುತ್ತದೆ. ತಮಗಿನ್ನು ಹೆಚ್ಚು ದಿನವಿಲ್ಲವೆಂದು ತಾವೇ ತೀರ್ಮಾನಿಸಿ, ಊಟದ ವೇಳೆ ಕ್ಯಾಂಟೀನಿನಲ್ಲಿ ಉಗ್ರಾಣದ ಕುಮಾರಿ ರತ್ನಾವತಿ ಅವರ ಮೇಜಿಗೆ ಹೋಗಿ, ವರ್ಷಗಳಿಂದ ಬಾಕಿ ಇದ್ದ ಮಾತನ್ನು ಹೇಳಿರುತ್ತಾರೆ. ರತ್ನಾವತಿ ಅವರು ಅನ್ನ ಬಿಟ್ಟು ಎದ್ದು, ಡೊಂಬಿವಲಿಯ ತಮ್ಮ ಮನೆಗೆ ಹೋಗಿ, ಮರುದಿನದವರೆಗೆ ಯಾರ ಫೋನನ್ನೂ ಎತ್ತಿರುವುದಿಲ್ಲ.

3. ವಿಜ್ಞಾನಿ ಡಾ. ಪ್ರಣೀತಾ ಅವರು ವಿಚಾರಿಸಲಾಗಿ, ಲೀಲಾಧರ ಅವರು ಹನಿ ಹಾಕುವ ಮುನ್ನ ನೆಲ್ಲಿಕಾಯಿ ರಸ ಕುಡಿದಿದ್ದು ತಿಳಿದುಬಂದಿದೆ. ಅದರಲ್ಲಿನ ಸಿ ಜೀವಸತ್ವವೂ ಇಂತಹುದೇ ಗುಡ್ಡ ಎಬ್ಬಿಸಬಲ್ಲದು. ಬಾಯಿ ಮುಕ್ಕಳಿಸಲು ಹೇಳಿ, ಸ್ವಲ್ಪ ಹೊತ್ತು ಬಿಟ್ಟು ಮರುಪರೀಕ್ಷಿಸಿದಾಗ ಗೆರೆ ಚಪ್ಪಟೆಯಾಗಿತ್ತು. ಬದುಕಿದ್ದಕ್ಕೆ ಸಂತೋಷಪಡುವ ಬದಲು ಲೀಲಾಧರ ಅವರು ಕಡತಗಳ ಕೋಣೆ ಸೇರಿ ಚಿಲಕ ಹಾಕಿಕೊಂಡಿರುತ್ತಾರೆ.

4. ಕೆಲಸಕ್ಕೆ ಮರಳಿದ ರತ್ನಾವತಿ ಅವರು ಆ ಕೋಣೆಯ ಬಾಗಿಲಿಗೆ ಬಂದು, “ಗುಡ್ಡ ಸುಳ್ಳಂತೆ. ನೀವು ಹೇಳಿದ್ದೂ ಸುಳ್ಳಾ ಮಾರಾಯ್ರೆ?” ಎಂದು ಮೌಖಿಕ ಸ್ಪಷ್ಟೀಕರಣ ಕೋರಿರುತ್ತಾರೆ. “ಅದು ಸುಳ್ಳಲ್ಲ” ಎಂಬ ಮಾತು ಒಳಗಿನಿಂದ ಕೇಳಿಬಂದಿದ್ದು, ಚಿಲಕ ತೆಗೆಯಲಾಗಿರುತ್ತದೆ.

5. ಆದುದರಿಂದ ಸಮಸ್ತ ಸಿಬ್ಬಂದಿ ಪಾಲಿಸತಕ್ಕದ್ದು:

ಅ) ನೆಲ್ಲಿ, ನಿಂಬೆ, ಪೇರಲೆ ಸೇವಿಸಿದವರು ಸಂವೇದಕದ ಎದುರು ಬಾಯಿ ತೆರೆಯಬಾರದು.

ಆ) ಮನಸ್ಸಿನ ಮಾತನ್ನು ಮೊದಲು ಯಾವ ಮಾದರಿಯನ್ನೂ ಬೆರೆಸದ ಖಾಲಿ ದ್ರಾವಣದ ಮುಂದೆ ಹೇಳಿ, ಅದರ ಪ್ರತಿಕ್ರಿಯೆಯನ್ನು ದಾಖಲಿಸತಕ್ಕದ್ದು.

ಇ) ಸುಳ್ಳು ಗುಡ್ಡದ ಆಧಾರದ ಮೇಲೆ ಹೇಳಲಾದ ನಿಜವು ಮುಂದಿನ ಆದೇಶದವರೆಗೆ ಊರ್ಜಿತವಾಗಿರುತ್ತದೆ.

ಈ) ಈ ಪ್ರಕರಣದ ತರುವಾಯ ನೆಲ್ಲಿಕಾಯಿ ರಸ ಕುಡಿದು ಸಂವೇದಕದ ಮುಂದೆ ಸಾಲು ನಿಂತಿರುವ ಅವಿವಾಹಿತ ಸಿಬ್ಬಂದಿ ಕೂಡಲೇ ಸ್ವಸ್ಥಾನಗಳಿಗೆ ಮರಳತಕ್ಕದ್ದು.

ಸಹಿ/-
ಉಪನಿರ್ದೇಶಕರು (ಶಿಸ್ತು ಮತ್ತು ದ್ರಾವಣಗಳು)

ಪ್ರತಿಗಳು:
ಡಾ. ಪ್ರಣೀತಾ, ಮಾಹಿತಿಗಾಗಿ.
ಕ್ಯಾಂಟೀನ್ ಗುತ್ತಿಗೆದಾರರು, ನೆಲ್ಲಿಕಾಯಿ ರಸಕ್ಕೆ ‘ಪ್ರೇಮರಸ’ ಎಂದು ಬರೆದ ಫಲಕವನ್ನು ತೆಗೆಯುವ ಸಲುವಾಗಿ.
ಸಿಬ್ಬಂದಿ ಶಾಖೆ, ಒಂದೇ ಕಾಗದದಲ್ಲಿ ಒಂದೇ ವಾರ ರಜೆ ಕೋರಿರುವ ಇಬ್ಬರಿಗೂ ಮಂಜೂರು ಮಾಡತಕ್ಕದ್ದು. ಕಾರಣ ಕೇಳುವ ಅಗತ್ಯವಿಲ್ಲ.