ಮೂರು ಕುರಿಯ ಕಂಪ್ಯೂಟರು

ಸಾವಿರದ ಒಂಬೈನೂರ ತೊಂಬತ್ತನಾಲ್ಕರಲ್ಲಿ, ಎಂಟನೆಯ ತರಗತಿಯ ಅರ್ಧದಲ್ಲಿ, ನಾನು ಓದು ನಿಲ್ಲಿಸಿದೆ. ಯಾರೂ ಬಿಡಿಸಲಿಲ್ಲ. ಶಾಲೆಗೆ ಹೋಗುವ ದಾರಿಯಲ್ಲಿ ಒಂದು ವೆಲ್ಡಿಂಗ್ ಅಂಗಡಿ ಇತ್ತು. ಎರಡು ಕಬ್ಬಿಣದ ತುಂಡು ಒಂದಾಗುವುದನ್ನು ನೋಡುತ್ತ ನಿಂತವನು ಆವತ್ತು ಶಾಲೆ ಮುಟ್ಟಲಿಲ್ಲ, ಮಾರನೆಯ ದಿನವೂ ಮುಟ್ಟಲಿಲ್ಲ. ಇದನ್ನು ನಾಚಿಕೆಯಿಂದ ಹೇಳುತ್ತಿಲ್ಲ. ಓದಿದವರ ಮನೆಗಳಿಗೆಲ್ಲ ಗೇಟು ಮಾಡಿಕೊಟ್ಟವನು ನಾನು. ತುರುವನೂರಿನಿಂದ ಜವನಗೊಂಡನಹಳ್ಳಿಯವರೆಗೆ ನನ್ನ ಗೇಟಿಲ್ಲದ ಊರು ಕಡಿಮೆ, ಅವುಗಳಲ್ಲಿ ಒಂದೂ ಇವತ್ತಿನವರೆಗೆ ಜೋತುಬಿದ್ದಿಲ್ಲ. ಆದರೆ ನನ್ನಂತೆ ಅರ್ಧಕ್ಕೆ ಎದ್ದು ಬಂದು ಕೆಲಸ ಕಲಿತವರಿಗೆ ಒಂದು ಕಾಯಿಲೆ ಇರುತ್ತದೆ. ನಮಗೆ ಗೊತ್ತಿರುವುದು ಎಲ್ಲ ಕಡೆಯೂ ನಡೆಯುತ್ತದೆ ಅಂದುಕೊಂಡುಬಿಡುತ್ತೇವೆ. ನನ್ನ ಈ ಕಾಯಿಲೆಗೆ ಔಷಧಿಯ ಖರ್ಚು ಕೊಟ್ಟವಳು ನನ್ನ ಮಗಳು.

ಹಿರಿಯೂರಿನಲ್ಲಿ ನನ್ನ ಅಂಗಡಿ, ಅದರ ಬೆನ್ನಿಗೇ ಮನೆ. ಕೆಲವು ವರ್ಷಗಳಿಂದ ಗೇಟಿನ ಗಿರಾಕಿಗಳು ಬರುವಾಗಲೇ ಫೋನಿನಲ್ಲಿ ಚಿತ್ರ ಹಿಡಿದುಕೊಂಡು ಬರುತ್ತಾರೆ. ದಪ್ಪ ತಗಡಿನಲ್ಲಿ ಎಲೆ, ಬಳ್ಳಿ, ನವಿಲು ಎಲ್ಲ ಕತ್ತರಿಸಿರುತ್ತದೆ. ಚಿತ್ರದುರ್ಗದಲ್ಲಿ ಒಂದು ಮೆಷಿನ್ನು ಬಂದಿದೆ, ಅದು ತಗಡನ್ನು ಬೆಳಕಿನಿಂದ ಕತ್ತರಿಸುತ್ತದೆ. ನಾನು ಮೂರು ದಿನ ಕೂತು ಬಗ್ಗಿಸುವ ಬಳ್ಳಿಯನ್ನು ಅದು, ಗಿರಾಕಿ ಟೀ ಕುಡಿದು ಲೋಟ ಕೆಳಗಿಡುವಷ್ಟರಲ್ಲಿ ಮುಗಿಸುತ್ತದೆ. ಆದರೆ ಮೆಷಿನ್ನಿಗೆ ಬಾಯಲ್ಲಿ ಹೇಳಿದರೆ ತಿಳಿಯುವುದಿಲ್ಲ, ಸೀಮೆಸುಣ್ಣದಲ್ಲಿ ನೆಲದ ಮೇಲೆ ಬರೆದು ತೋರಿಸಿದರೂ ತಿಳಿಯುವುದಿಲ್ಲ, ಕಂಪ್ಯೂಟರಿನಲ್ಲಿ ಬರೆದುಕೊಡಬೇಕು. ಹೀಗೆ ಗೇಟುಗಳೆಲ್ಲ ಆ ಅಂಗಡಿಗೆ ಹೋಗಿ, ನನಗೆ ಮುರಿದ ನೇಗಿಲು, ಟ್ರ್ಯಾಕ್ಟರಿನ ಕೊಂಡಿ, ಕಾಲು ಕಿತ್ತ ಕುರ್ಚಿಗಳು ಉಳಿದವು.

ಮಗಳು ಮಾನಸಳಿಗೆ ಹದಿನೇಳು. ದಿನವೂ ಬಸ್ಸಿನಲ್ಲಿ ಚಿತ್ರದುರ್ಗಕ್ಕೆ ಹೋಗಿ ಡಿಪ್ಲೊಮಾ ಓದುತ್ತಾಳೆ. ಅಲ್ಲಿ ಅವಳಿಗೆ ಕಂಪ್ಯೂಟರಿನಲ್ಲಿ ನಕ್ಷೆ ಬರೆಯುವುದನ್ನೇ ಕಲಿಸುತ್ತಾರೆ. ಒಂದು ದಿನ ಊಟಕ್ಕೆ ಕೂತಾಗ ಅಂದಳು, “ಅಪ್ಪ, ಚಿತ್ರ ನಾನು ಬರೀತೀನಿ. ಕತ್ತರ್ಸಾಕೆ ಮಾತ್ರ ಅವ್ರತ್ರ ಕೊಡಾಣ. ಗೇಟು ನಮ್ದೇ ಆಗ್ತೈತೆ. ಒಂದು ಕಂಪ್ಯೂಟರ್ ಬೇಕು ಅಷ್ಟೆ.”

“ಅಷ್ಟೆ ಅಂದ್ರೆ? ದುಡ್ಡು ನಿಮ್ಮಜ್ಜ ಇಟ್ಟು ಹೋಗ್ಯಾನಾ?”

“ಅಜ್ಜ ಅಲ್ಲ, ಅಜ್ಜಿ ಕೊಟ್ಟವು ಅದಾವಲ್ಲ. ನನ್ ಕುರಿ.”

ನಾನು ತುತ್ತು ಕೆಳಗಿಟ್ಟೆ. ನಮ್ಮ ಮನೆಯಲ್ಲಿ ಒಂದು ಪದ್ಧತಿ ಇದೆ. ಮಗು ಹುಟ್ಟಿದರೆ ಮಂದೆಯಲ್ಲಿ ಒಂದು ಹೆಣ್ಣುಮರಿಯನ್ನು ಆರಿಸಿ, ಕಿವಿಯ ತುದಿಗೆ ಗುರುತು ಹಾಕಿ, ಮಗುವಿನ ಹೆಸರಿಗೆ ಬಿಡುತ್ತಾರೆ. ಆಮೇಲೆ ಅದು ಹಾಕುವ ಮರಿಗಳೆಲ್ಲ ಆ ಮಗುವಿನವೇ. ಅಪ್ಪನಾದರೂ ಮುಟ್ಟುವಂತಿಲ್ಲ. ನನ್ನ ಹೆಸರಿನ ಕುರಿಗಳೆಲ್ಲ ನನ್ನ ಮೊದಲ ವೆಲ್ಡಿಂಗ್ ಮೆಷಿನ್ನಿಗೇ ಹೋದವು. ಮಾನಸಳವು ಯಲ್ಲದಕೆರೆಯಲ್ಲಿ, ನಮ್ಮವ್ವ ಮತ್ತು ತಮ್ಮ ನೋಡಿಕೊಳ್ಳುವ ಮಂದೆಯಲ್ಲಿ ನಾಲ್ಕಿದ್ದವು. ಈ ಭೂಮಿಯ ಮೇಲೆ ಅವಳದು ಅನ್ನುವುದು ಅಷ್ಟೇ. ಮದುವೆಯಾಗಿ ಹೋಗುವಾಗ ಅವಳ ಜೊತೆ ಹೋಗಬೇಕಾದದ್ದೂ ಅಷ್ಟೇ.

ಕೇಳಲು ಹೋದಾಗ ಅವ್ವ ನಾಲ್ಕರ ಕಿವಿಯನ್ನೂ ಒಂದೊಂದಾಗಿ ಹಿಡಿದು ನೋಡಿದಳು. ಕೊನೆಗೆ, “ಅವಳ ಕುರಿ, ಅವಳಿಷ್ಟ. ಮೂರು ಹೊಡ್ಕಂಡು ಹೋಗ್ರಿ. ಒಂದು ಇರ್ಲಿ, ಗುರುತಿನ ಕಿವಿ ಮಂದೇಲಿ ಕಾಣ್ತಿರ್ಬೇಕು,” ಅಂದಳು. ಆಮೇಲೆ ನನ್ನ ಕಡೆ ತಿರುಗಿ, “ಆ ಪೆಟ್ಟಿಗೆ ಮರಿ ಹಾಕ್ತೈತೇನೋ?” ಎಂದು ಕೇಳಿದಳು. ಮೊಮ್ಮಗಳು “ಹಾಕ್ತೈತೆ ಅಜ್ಜಿ, ಗೇಟು ಹಾಕ್ತೈತೆ,” ಅಂದಿದ್ದಕ್ಕೆ ಮಾತ್ರ ಸ್ವಲ್ಪ ನಕ್ಕಳು.

ಎರಡು ಕುರಿ, ಒಂದು ಟಗರು ಮಾರಿದ ದುಡ್ಡು ಜೇಬಿನಲ್ಲಿಟ್ಟುಕೊಂಡು ಚಿತ್ರದುರ್ಗದ ಕಂಪ್ಯೂಟರ್ ಅಂಗಡಿಗೆ ಹೋದೆವು. ಹೊಸದು ಕೊಳ್ಳುವ ಯೋಗ್ಯತೆ ಮೂರು ಕುರಿಗಳಿಗೆ ಇರಲಿಲ್ಲ. ಯಾವುದೋ ಆಫೀಸಿನಿಂದ ಬಂದ ಹಳೆಯ ಬಿಡಿಭಾಗಗಳನ್ನು ಒಂದೊಂದಾಗಿ ಆರಿಸಿ ನಾವೇ ಜೋಡಿಸಿಕೊಳ್ಳುವುದು ಎಂದು ಮಗಳು ಮೊದಲೇ ಲೆಕ್ಕ ಹಾಕಿದ್ದಳು. ನಾನು ಪಕ್ಕದಲ್ಲಿ ನಿಂತು ನನ್ನ ಲೆಕ್ಕ ಹಾಕುತ್ತಿದ್ದೆ. ಮದರ್‌ಬೋರ್ಡು, ಅದರ ಮೇಲೆ ಕೂರುವ ಪ್ರೊಸೆಸರು, ಮೆಮೊರಿ ಸೇರಿ ದೊಡ್ಡ ಕುರಿ ಹೋಯಿತು. ಮೂಲೆಯಲ್ಲಿ ಹಸಿರು ಗೆರೆಯಿದ್ದ ಮಾನಿಟರಿಗೆ ಚಿಕ್ಕದು ಹೋಯಿತು. ಡಿಸ್ಕು, ಕರೆಂಟಿನ ಡಬ್ಬಿ, ಕೀಬೋರ್ಡು, ಮೌಸು ಅನ್ನುವಷ್ಟರಲ್ಲಿ ಟಗರಿನ ಬಾಲ ಮಾತ್ರ ಉಳಿದಿತ್ತು.

ಆಗ ಅಂಗಡಿಯವನು ಕ್ಯಾಬಿನೆಟ್ಟು ತೋರಿಸಿದ. ಅಂದರೆ ಇದೆಲ್ಲವನ್ನೂ ಒಳಗಿಡುವ ಪೆಟ್ಟಿಗೆ. ಹೆಬ್ಬೆರಳಿನಿಂದ ಒತ್ತಿದೆ, ಒಳಗೆ ಹೋಯಿತು. “ಇದು ತಗಡಲ್ಲಪ್ಪ, ಹಪ್ಪಳ,” ಅಂದೆ.

“ಒಳಗೆ ಬಣ್ಣದ ಲೈಟ್ ಬರ್ತಾವೆ ಸಾರ್.”

“ಒಳಗೆ ಯಾರು ಮಲಗ್ತಾರೆ?”

ಬೆಲೆ ಹೇಳಿದ. ಅಷ್ಟಕ್ಕೆ ನಾನು ಒಂದು ಬಾಗಿಲನ್ನೇ ಮಾಡಿಕೊಡುತ್ತೇನೆ. ವೆಲ್ಡಿಂಗ್‌ನವನು ಹೋಗಿ ತಗಡಿನ ಡಬ್ಬ ಕೊಂಡು ತಂದ ಅಂತ ಹಿರಿಯೂರಿನಲ್ಲಿ ಗೊತ್ತಾದರೆ ಅಂಗಡಿ ಮುಚ್ಚಿಕೊಂಡು ಹೋಗಬೇಕು. “ಪೆಟ್ಟಿಗೆ ನಾನು ಮಾಡ್ತೀನಿ, ನಡಿ ಹೋಗಾಣ,” ಅಂದೆ. ಮಗಳು ಏನೋ ಹೇಳಲು ಹೋಗಿ ಸುಮ್ಮನಾದಳು. ನನ್ನ ಮನೆಯವಳೂ ಮದುವೆಯಾದ ಹೊಸದರಲ್ಲಿ ಹೀಗೇ ಏನೋ ಹೇಳಲು ಹೋಗಿ ಸುಮ್ಮನಾಗುತ್ತಿದ್ದಳು. ಈಗ ಸುಮ್ಮನಾಗುವುದಿಲ್ಲ.

ಬೀರು ಮಾಡಿ ಉಳಿದಿದ್ದ ದಪ್ಪ ತಗಡಿನಲ್ಲಿ ಪೆಟ್ಟಿಗೆ ಮಾಡಿದೆ. ಅಳತೆ ಮಗಳದು, ಕೆಲಸ ನನ್ನದು. ಗಾಳಿಗೆ ತೂತು ಕೊರೆದೆ, ಕೆಂಪು ಪ್ರೈಮರ್ ಹೊಡೆದೆ, ಮುಚ್ಚಳಕ್ಕೆ ಬೀಗ ಹಾಕಲು ಚಿಲಕ ಇಟ್ಟೆ, ಕೆಳಗೆ ನಾಲ್ಕು ಕಾಲು ಕೊಟ್ಟೆ. ಎತ್ತಲು ಇಬ್ಬರು ಬೇಕು. ಎದುರುಗಡೆ ಪಂಕ್ಚರ್ ಅಂಗಡಿಯವನು ಬಂದು, “ಯಾವ ದೇವಸ್ಥಾನದ ಹುಂಡಿ ಅಣ್ಣ?” ಎಂದು ಕೇಳಿ ಹೋದ. ಒಂದು ಭಾನುವಾರ ಮಗಳು ಫೋನಿನಲ್ಲಿ ವೀಡಿಯೊ ನೋಡಿಕೊಂಡು ಎಲ್ಲವನ್ನೂ ಒಳಗೆ ಜೋಡಿಸಿದಳು. ಪ್ರೊಸೆಸರಿನ ಮೇಲೆ ಬೂದಿ ಬಣ್ಣದ ಒಂದು ಪೇಸ್ಟು ಹಚ್ಚಬೇಕು. ವೀಡಿಯೊದವನು ಬಟಾಣಿ ಕಾಳಿನಷ್ಟು ಅಂದ. ಬೇರಿಂಗಿಗೆ ಗ್ರೀಸ್ ತುಂಬಿದ ಕೈ ನನ್ನದು, ಆ ಜಿಪುಣತನ ನೋಡಲಾಗದೆ ಕೈ ಚಾಚಿದೆ. ಅವಳು ಕೈಗೆ ಹೊಡೆದಳು. ಗುಂಡಿ ಒತ್ತಿದಳು, ಫ್ಯಾನು ತಿರುಗಿತು, ಮಾನಿಟರಿನಲ್ಲಿ ಬೆಳಕು ಬಂತು. ಅವಳು ನನ್ನ ಹೆಗಲಿಗೆ ಹಣೆ ಒತ್ತಿ ನಿಂತಳು. ಆ ಒಂದು ಗಳಿಗೆ ಹಾಗೇ ನಿಂತುಬಿಟ್ಟಿದ್ದರೆ ಈ ಪ್ರಬಂಧದ ಅಗತ್ಯವೇ ಇರುತ್ತಿರಲಿಲ್ಲ.

ಹೊಳಲ್ಕೆರೆಯಲ್ಲಿ ಮನೆ ಕಟ್ಟುತ್ತಿದ್ದ ಒಬ್ಬರು ಅವಳ ಮೊದಲ ನಕ್ಷೆ ನೋಡಿ, ಮುಂದಿನ ಗೇಟು, ಕಿಟಕಿ, ಮೆಟ್ಟಿಲ ಕಂಬಿ ಎಲ್ಲ ನಮಗೇ ಅಂದರು. ಒಂದು ವಾರದೊಳಗೆ ಪೂರ್ತಿ ಚಿತ್ರ ಬೇಕು ಅಂದರು. ಅದೇ ವಾರ ಅವ್ವ ಕಂಪ್ಯೂಟರಾದ ಮೂರು ಕುರಿಗಳನ್ನು ನೋಡಿಕೊಂಡು ಹೋಗಲು ಯಲ್ಲದಕೆರೆಯಿಂದ ಬಂದಳು. ಪೆಟ್ಟಿಗೆಗೆ ಕುಂಕುಮ ಇಟ್ಟಳು. “ದೊಡ್ಡದು ಎಲ್ಲೈತೆ?” ಅಂದಳು. ಮೊಮ್ಮಗಳು ಮುಚ್ಚಳ ತೆಗೆದು ಬೋರ್ಡು ತೋರಿಸಿದಳು. ಅವ್ವ ಕಣ್ಣು ಕಿರಿದು ಮಾಡಿ ನೋಡಿ, “ಬಡವಾಗೈತೆ,” ಅಂದಳು. ಆಮೇಲೆ ಪೆಟ್ಟಿಗೆಯ ಮೇಲೆ ಕೈ ಊರಿದಳು. ಅದು ಟಕ್ ಎಂದು ಒಂದು ಕಡೆ ವಾಲಿತು. “ಕುಂಟ್ತೈತಲ್ಲೋ ಇದು.”

ನಿಜ. ಒಂದು ಕಾಲು ಕೂದಲೆಳೆಯಷ್ಟು ಗಿಡ್ಡ ಇತ್ತು. ಮಗಳು ಅದರ ಕೆಳಗೆ ಬಸ್ ಟಿಕೆಟ್ಟು ಮಡಚಿ ಇಟ್ಟಿದ್ದಳು, ಅದು ಜಾರಿತ್ತು. ಗೇಟು ಮಾಡುವವನ ಮನೆಯಲ್ಲಿ, ಅವನೇ ಮಾಡಿದ ವಸ್ತುವಿನ ಕೆಳಗೆ ಬಸ್ ಟಿಕೆಟ್ಟು. ಹೆತ್ತ ತಾಯಿ ಕಂಡುಹಿಡಿದದ್ದು.

ಮಾರನೆಯ ಬೆಳಿಗ್ಗೆ ಅವ್ವ ಊರಿನ ಬಸ್ಸು ಹತ್ತುತ್ತಲೇ ಪೆಟ್ಟಿಗೆಯನ್ನು ಅಂಗಡಿಗೆ ಎಳೆದು ತಂದು ಮಗುಚಿ ಹಾಕಿದೆ. ಮಗಳು ಹಿಂದೆಯೇ ಬಂದಳು. “ಅಪ್ಪ, ತಡಿ, ಒಳಗಿನವನ್ನೆಲ್ಲ ಬಿಚ್ಚಿ ಕೊಡ್ತೀನಿ. ಹತ್ತು ನಿಮಿಷ.”

“ಪ್ಲಗ್ ಕಿತ್ತಿದ್ದೀನಲ್ಲ. ಹತ್ತು ನಿಮಿಷ ಬಿಚ್ಚಾಕೆ, ಅರ್ಧ ನಿಮಿಷ ಹಚ್ಚಾಕೆ. ಇದೇನ್ ಕೆಲ್ಸ?”

“ಬೇಡಪ್ಪ, ಬಿಚ್ತೀನಿ.”

“ಲೇ, ನೀನು ಹುಟ್ಟಾಕ್ ಮುಂಚಿಂದ ಹಚ್ತಾ ಇದ್ದೀನಿ. ಕಣ್ಮುಚ್ಕ.”

ಕರೆಂಟು ಮೆಷಿನ್ನಿಗೆ ವಾಪಸ್ ಹೋಗುವ ಅರ್ತಿಂಗ್ ಕ್ಲಾಂಪನ್ನು ಚಿಲಕಕ್ಕೆ ಕಚ್ಚಿಸಿದೆ, ಬಣ್ಣ ಹೋಗಿದ್ದದ್ದು ಅಲ್ಲೊಂದೇ ಕಡೆ. ಗಿಡ್ಡ ಕಾಲು ಇದ್ದದ್ದು ಪೆಟ್ಟಿಗೆಯ ಇನ್ನೊಂದು ತುದಿಯಲ್ಲಿ. ಒಂದು ಸಣ್ಣ ತುಂಡು ಇಟ್ಟು ಎರಡು ಚುಕ್ಕಿ ಬೆಸುಗೆ ಹಾಕಿದೆ. ಅಂದರೆ ವೆಲ್ಡಿಂಗಿನ ಅಷ್ಟೂ ಕರೆಂಟು ಈ ತುದಿಯಿಂದ ಆ ತುದಿಗೆ, ಬೋರ್ಡು ಕೂತಿದ್ದ ತಗಡಿನ ಮೇಲೇ ಹಾದುಹೋಯಿತು. ಬೆಸುಗೆ ಬಹಳ ಚೆನ್ನಾಗಿ ಕೂತಿತು. ಪೆಟ್ಟಿಗೆ ನೆಟ್ಟಗಾಯಿತು. ಮಗಳು ಪ್ಲಗ್ ಹಾಕಿ ಗುಂಡಿ ಒತ್ತಿದಳು. ಮತ್ತೆ ಒತ್ತಿದಳು. ಫ್ಯಾನು ಅಲ್ಲಾಡಲಿಲ್ಲ.

ಅವಳು ತಲೆಯೆತ್ತಿ ನನ್ನ ಅಂಗಡಿಯ ಗೋಡೆ ನೋಡಿದಳು. ಟ್ರ್ಯಾಕ್ಟರ್, ಲಾರಿ ತರುವವರಿಗಾಗಿ ಅಲ್ಲಿ ನಾನೇ ಕೆಂಪು ಬಣ್ಣದಲ್ಲಿ ಬರೆದಿದ್ದೇನೆ: ‘ವೆಲ್ಡಿಂಗ್‌ಗೆ ಮುಂಚೆ ಬ್ಯಾಟರಿ ಬಿಚ್ಚಿ.’ ಬಿಚ್ಚದೆ ಹಚ್ಚಿದರೆ ಗಾಡಿಯೊಳಗಿನ ಎಲೆಕ್ಟ್ರಾನಿಕ್ಸ್ ಸುಟ್ಟುಹೋಗುತ್ತದೆ. ಅದನ್ನು ನೂರಾರು ಜನಕ್ಕೆ ಹೇಳಿದ್ದೇನೆ, ಬಿಚ್ಚದೆ ಬಂದವರಿಗೆ ಬೈದು ವಾಪಸ್ ಕಳಿಸಿದ್ದೇನೆ. ಗೊತ್ತಿಲ್ಲದೆ ಮಾಡಿದ್ದಾದರೆ ನೋವು ಇಷ್ಟಿರುತ್ತಿರಲಿಲ್ಲ.

ಪೆಟ್ಟಿಗೆಯನ್ನು ಆಟೊದಲ್ಲಿ, ಆಮೇಲೆ ಬಸ್ಸಿನಲ್ಲಿ ಹೊತ್ತು ಚಿತ್ರದುರ್ಗಕ್ಕೆ ಹೋದೆವು. ಅಂಗಡಿಯವನು ಒಂದೊಂದೇ ತೆಗೆದು ಪರೀಕ್ಷಿಸಿದ. ಡಿಸ್ಕು, ಕರೆಂಟಿನ ಡಬ್ಬಿ ಉಳಿದಿದ್ದವು. ಬೋರ್ಡು, ಪ್ರೊಸೆಸರು, ಮೆಮೊರಿ ಹೋಗಿದ್ದವು. ದೊಡ್ಡ ಕುರಿ. “ಇದೇನ್ ಸಾರ್, ಸಿಡ್ಲು ಬಡೀತಾ?” ಎಂದ. ನಾನು ಬಾಯಿ ತೆಗೆಯುವ ಮೊದಲೇ ಮಗಳು, “ಹೂಂ ರೀ, ಸಿಡ್ಲು,” ಅಂದಳು. ಅವಳು ನನಗೆ ಬೈದಿದ್ದರೆ ಚೆನ್ನಾಗಿತ್ತು.

ರಾತ್ರಿ ಅವ್ವನಿಗೆ ಫೋನ್ ಮಾಡಿದೆ. “ದೊಡ್ಡದು ಸತ್ತೋತು ಕಣವ್ವ,” ಅಂದೆ. “ರೋಗ ಬಂತಾ?” ಅಂದಳು. “ಇಲ್ಲ, ನನ್ ಕೈಲಿ.” “ಮಂದೆಗೆ ನಾಯಿ ಬಿದ್ರೆ ನಾಯಿಗೆ ಬೈಬೋದು. ನಿನಗೆ ಏನಂತ ಬೈಲಿ,” ಅಂದಳು. ಉಳಿದಿರುವ ಕುರಿಯನ್ನು ಮಾರಿ ಹೊಸ ಬೋರ್ಡು ತರಬಹುದಿತ್ತು. ಆ ಮಾತನ್ನು ನಾನು ಎತ್ತಲಿಲ್ಲ. ಮಗಳೇ ಎತ್ತಿ, ಮಗಳೇ ಬೇಡ ಅಂದಳು. ಮುಂದಿನ ತಿಂಗಳು ನಾನೇ ತಂದುಕೊಡುತ್ತೇನೆ ಅಂದೆ. ಆ ತಿಂಗಳು ಅಂಗಡಿ ಬಾಡಿಗೆಯಲ್ಲಿ ಹೋಯಿತು. ಅದರ ಮುಂದಿನ ತಿಂಗಳೂ ಹೋಯಿತು.

ಹೊಳಲ್ಕೆರೆಯವರು ಕಾಯುವಷ್ಟು ಕಾಯ್ದು ಆ ಬೆಳಕಿನ ಮೆಷಿನ್ನಿನ ಅಂಗಡಿಗೇ ಹೋದರು. ಅಲ್ಲಿ ಮಾನಸಳ ಹಳೆಯ ನಕ್ಷೆ ತೋರಿಸಿ, ಹೀಗೇ ಬೇಕು ಅಂದರಂತೆ. ಅಂಗಡಿ ಮಾಲೀಕ, ಇದನ್ನು ಬರೆದವರು ಯಾರು ಎಂದು ಕೇಳಿ, ಅವಳನ್ನೇ ಕರೆಸಿಕೊಂಡ. ಈಗ ಅವಳು ಕಾಲೇಜು ಮುಗಿಸಿ, ಕೊನೆಯ ಬಸ್ಸಿನವರೆಗೆ ಅಲ್ಲಿ ಕೂತು, ಅವನ ಕಂಪ್ಯೂಟರಿನಲ್ಲಿ ಗೇಟು ಬರೆಯುತ್ತಾಳೆ. ಸಂಬಳ ಅವಳದು, ಗೇಟು ಅವನದು. ಕೂಡಿಸಿ ಬೆಸೆಯುವ ಕೆಲಸವನ್ನು ಅವನು ಕೂಲಿಗೆ ನನಗೆ ಕಳಿಸುತ್ತಾನೆ. ಮಗಳ ಶಿಫಾರಸು ಅಂತ ಆಮೇಲೆ ಗೊತ್ತಾಯಿತು.

ಹೋದ ವಾರ ಹೊಸದುರ್ಗಕ್ಕೆ ಹೋಗಬೇಕಾದ ಒಂದು ಗೇಟಿನ ತುಂಡುಗಳು ಬಂದವು. ಚಿತ್ರ ಅವಳದೇ ಎಂದು ಬಳ್ಳಿಯ ಬಾಗು ನೋಡಿದರೆ ಗೊತ್ತಾಗುತ್ತಿತ್ತು. ದೊಡ್ಡ ತಗಡನ್ನು ತಿರುಗಿಸಿದಾಗ ಹಿಂದೆ ಸೀಮೆಸುಣ್ಣದಲ್ಲಿ, ಅವಳ ದುಂಡು ಅಕ್ಷರದಲ್ಲಿ, ಬರೆದಿತ್ತು: ‘ಮೊದಲು ಬ್ಯಾಟರಿ ಬಿಚ್ಚಿ.’ ಗೇಟಿಗೆ ಎಲ್ಲಿಯ ಬ್ಯಾಟರಿ. ಎದುರಿನ ಪಂಕ್ಚರ್ ಅಂಗಡಿಯವನು ನೋಡುವ ಮೊದಲೇ ಅಳಿಸಿದೆ. ಆಮೇಲೆ ಅಳಿಸಬಾರದಿತ್ತು ಅನ್ನಿಸಿತು. ಅಷ್ಟು ತಿಂಗಳಲ್ಲಿ ನನ್ನ ಆ ತಪ್ಪಿನ ಬಗ್ಗೆ ಅವಳು ನನ್ನೊಂದಿಗೆ ಆಡಿದ ಮೊದಲ ಮಾತು ಅದು.

ಇವತ್ತಿಗೆ ನನ್ನ ಬಳಿ ಇರುವುದು ವೆಲ್ಡಿಂಗ್ ಮೆಷಿನ್ನು ಒಂದು, ಗ್ರೈಂಡರು ಒಂದು, ಡ್ರಿಲ್ಲು ಒಂದು. ವೆಲ್ಡಿಂಗ್ ಕಡ್ಡಿ ತುಂಬಿಡುವ, ಕುಂಟದ ಪೆಟ್ಟಿಗೆ ಒಂದು. ಯಲ್ಲದಕೆರೆಯ ಮಂದೆಯಲ್ಲಿ ಮಗಳ ಹೆಸರಿನ ಕುರಿ ಒಂದು. ನನ್ನ ಹೆಸರಿನದು ಇಲ್ಲ.