ಸೀಟಿಗೊಂದು ಟವೆಲ್

ಬಿಸಿನೆಸ್ ಪ್ಲಾನ್ ಸ್ಪರ್ಧೆಯ ಮೊದಲ ಬಹುಮಾನ ನನಗೇ ಎಂಬುದರಲ್ಲಿ ನನಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ಬಹುಮಾನ ತೆಗೆದುಕೊಳ್ಳುವಾಗ ಫೋಟೋದವನಿಗೆ ಎಡಗೆನ್ನೆ ತೋರಿಸಲೋ ಬಲಗೆನ್ನೆಯೋ ಎಂಬುದೊಂದೇ ತೀರ್ಮಾನವಾಗಿರಲಿಲ್ಲ.

ನನ್ನ ಊರು ದೇವದುರ್ಗ. ರಾಯಚೂರಿನಲ್ಲಿ ರೂಮು ಮಾಡಿಕೊಂಡು ಯರಗೇರಾದ ಕ್ಯಾಂಪಸ್ಸಿನಲ್ಲಿ ಎಂ.ಬಿ.ಎ. ಕೊನೆಯ ವರ್ಷ ಓದುತ್ತಿದ್ದೆ. ಓದಿದ್ದಕ್ಕಿಂತ ಬಸ್ಸಿನಲ್ಲಿ ನಿಂತದ್ದೇ ಹೆಚ್ಚು. ಹೀಗೆ ಒಂದು ಬೆಳಿಗ್ಗೆ ಯಾರದೋ ಬುತ್ತಿಗಂಟಿಗೂ ಇನ್ಯಾರದೋ ಮೊಣಕೈಗೂ ನಡುವೆ ಸಿಕ್ಕಿಕೊಂಡಿದ್ದಾಗ ನನಗೆ ಜ್ಞಾನೋದಯವಾಯಿತು.

ನಮ್ಮ ಕಡೆ ಬಸ್ಸು ನಿಲ್ಲುವ ಮೊದಲೇ ಅದರ ಜೊತೆ ಓಡುತ್ತ ಕಿಟಕಿಯೊಳಗೆ ಟವೆಲ್ ಒಗೆಯುತ್ತಾರೆ. ಟವೆಲ್ ಬಿದ್ದ ಸೀಟು ಟವೆಲಿನವನದು. ಅದಕ್ಕೆ ಸಹಿ ಇಲ್ಲ, ಸಿಕ್ಕಾ ಇಲ್ಲ, ಆದರೂ ಯಾರೂ ಮುಟ್ಟುವುದಿಲ್ಲ. ಆದರೆ ಮುದುಕರು, ಮೊಣಕಾಲು ನೋವಿನವರು, ಕಂಕುಳಲ್ಲಿ ಕೂಸು ಇರುವವರು ಓಡುವುದು ಹೇಗೆ? ಅವರ ಪರವಾಗಿ ನಾವು ಓಡಬೇಕು, ನಾವು ಒಗೆಯಬೇಕು, ಅದಕ್ಕೆ ಸಣ್ಣ ಶುಲ್ಕ ಪಡೆಯಬೇಕು! ಕಂಪನಿಯ ಹೆಸರೂ ಅಲ್ಲೇ ನಿಂತಲ್ಲೇ ಹೊಳೆಯಿತು: ಕುಂದರ್ರಿ ಡಾಟ್ ಕಾಮ್.

ಅದೇ ದಿನ ಸ್ಪರ್ಧೆಗೆ ಹೆಸರು ಕೊಟ್ಟೆ. ಭಾನುವಾರ ಊರಿಗೆ ಹೋಗಿ ಅಮರೇಶಣ್ಣನಿಗೆ ಹೇಳಿದೆ. ಅವನಿಗೆ ದೇವದುರ್ಗದಲ್ಲಿ ಬಟ್ಟೆ ಅಂಗಡಿ ಇದೆ. ನನ್ನ ಓದು ಮುಗಿದ ಕೂಡಲೇ ನನ್ನನ್ನು ಅಂಗಡಿಯ ಗಲ್ಲಾದ ಮುಂದೆ ಕೂರಿಸಬೇಕೆಂಬುದು ಅವನ ಬಹುದಿನದ ಆಸೆ. ಊಟವನ್ನೂ ಅಡ್ಡಾಡುತ್ತಲೇ ಮಾಡುವ ನನಗೆ ಅದಕ್ಕಿಂತ ದೊಡ್ಡ ಶಿಕ್ಷೆ ಬೇರೊಂದಿಲ್ಲ.

"ಶರಣಿ, ನಿನಗ ಒಂದು ಕಡಿ ಕುಂದ್ರಾಕ ಬರಲ್ಲ. ನೀ ಮಂದಿಗಿ ಸೀಟು ಕೊಡಸ್ತಿ?" ಎಂದ ಅಣ್ಣ.

"ಗೆದ್ದು ಬಂದ್ರ ಏನ್ ಮಾಡ್ತಿ?"

"ಗೆದ್ದಿ ಅಂದ್ರ ನಿನ್ನ ಕಂಪನಿ ನೀ ಮಾಡ್ಕೋ, ನಾ ಮತ್ತ ಸುದ್ದಿಗಿ ಬರಲ್ಲ. ಸೋತಿ ಅಂದ್ರ ಪರೀಕ್ಷಿ ಮುಗಿದ ಮರುದಿನಾನ ಬಂದು ಗಲ್ಲಾದ ಮುಂದ ಕುಂದರಬೇಕು."

ಒಪ್ಪಿಕೊಂಡೆ. ಒಪ್ಪಿದ್ದಷ್ಟೇ ಅಲ್ಲ, ಅವನ ಅಂಗಡಿಯಿಂದಲೇ ಒಂದು ಕಟ್ಟು ಹೊಸ ಕೇಸರಿ ಟವೆಲನ್ನು ಎತ್ತಿಕೊಂಡು ಬಂದೆ. ಕಂಪನಿ ಎಂದಮೇಲೆ ಎಲ್ಲ ಟವೆಲೂ ಒಂದೇ ಬಣ್ಣದವು ಇರಬೇಕು. ಪುಸ್ತಕದಲ್ಲಿ ಇದಕ್ಕೆ ಬ್ರ್ಯಾಂಡಿಂಗ್ ಎನ್ನುತ್ತಾರೆ. ಪ್ರತಿಯೊಂದಕ್ಕೂ ಕಂಪನಿಯ ಹೆಸರಿನ ಹೊಳೆಯುವ ಸ್ಟಿಕರ್ ಅಂಟಿಸಿ, ಇಸ್ತ್ರಿ ಮಡಿಕೆ ಕೆಡದಂತೆ ಜೋಡಿಸಿಟ್ಟೆ.

ಯೋಜನೆಯನ್ನು ನಿಜವಾಗಿ ನಡೆಸಿ ಅದರ ವಿಡಿಯೋ ತೋರಿಸಬೇಕೆಂಬುದು ಸ್ಪರ್ಧೆಯ ನಿಯಮ. ನಾನು ಆರಿಸಿಕೊಂಡದ್ದು ಸ್ಪರ್ಧೆಯ ದಿನದ ಬೆಳಿಗ್ಗೆಯನ್ನೇ! ವಿಡಿಯೋ ತಾಜಾ ಇರಲಿ ಎಂಬುದು ನನ್ನ ವಾದ. ರಾತ್ರಿಯಿಡೀ ನಿದ್ದೆ ಬರಲಿಲ್ಲ, ಕೋಣೆಯಲ್ಲಿ ಟವೆಲ್ ಒಗೆಯುವ ಅಭ್ಯಾಸ ಮಾಡಿದೆ. ಮಂಚದ ಮೇಲೆ ಒಂದೂ ಗುರಿ ತಪ್ಪಲಿಲ್ಲ.

ರಾಯಚೂರು ಬಸ್ ನಿಲ್ದಾಣದಲ್ಲಿ ನನ್ನ ಸಹಪಾಠಿ ಮೆಹಬೂಬ ಮೊಬೈಲ್ ಹಿಡಿದು ಸಿದ್ಧನಾದ. ಕಂಪನಿಯಲ್ಲಿ ನಾನು ಅಧ್ಯಕ್ಷೆ, ಉಳಿದದ್ದೆಲ್ಲ ಅವನು. ಮಾನ್ವಿ ಬಸ್ಸಿಗೆ ಕಾಯುತ್ತಿದ್ದವರನ್ನು ಕಾಡಿ ಬೇಡಿ ಮೂವರು ಗಿರಾಕಿಗಳನ್ನು ಹಿಡಿದೆವು. ಕಲ್ಲೂರಿನ ಬಸಮ್ಮ ಎಂಬ ಅಜ್ಜಿ, ಮತ್ತೆ ಮಾನ್ವಿಗೆ ಹೊರಟಿದ್ದ ಗಂಡ ಹೆಂಡತಿಯ ಒಂದು ಜೋಡಿ.

"ಮೊಣಕಾಲು ಹಿಡಕೊಂಡಾವ ಯವ್ವಾ, ಓಡಾಕ ಆಗಲ್ಲ," ಎಂದರು ಬಸಮ್ಮ.

"ನೀವು ಇಲ್ಲೇ ನಿಂದರ್ರಿ ಅಜ್ಜಿ. ಕಿಟಕಿ ಬಾಜು ಸೀಟು, ನಂದು ಗ್ಯಾರಂಟಿ!" ಎಂದೆ. ಗ್ಯಾರಂಟಿ ಎನ್ನುವಾಗ ಕ್ಯಾಮೆರಾದ ಕಡೆ ನೋಡಿದೆ.

ಬಸ್ಸು ಬಂತು. ಓಡಿದೆ. ಒಗೆದೆ! ಮೂರೂ ಟವೆಲ್ ಮೂರು ಸೀಟಿನ ಮೇಲೆ ಹೂವಿನಂತೆ ಬಿದ್ದವು. ಜೀವನ ಸಾರ್ಥಕವಾಯಿತು ಎನ್ನುವಷ್ಟರಲ್ಲಿ ಬಾಗಿಲಿನಿಂದ ನುಗ್ಗಿದ ಒಬ್ಬ ಹಿರಿಯರು ಒಂದು ಟವೆಲನ್ನು ಎತ್ತಿ, ಸ್ಟಿಕರ್ ಓದಿ, ಹೆಗಲ ಮೇಲೆ ಹಾಕಿಕೊಂಡು ಅಲ್ಲೇ ಕೂತುಬಿಟ್ಟರು!

"ಯಾರು ಹಂಚಾಕತ್ಯಾರಪ್ಪ ಇವು?" ಎಂದು ಹಿಂದಿನವನು ಕೇಳಿದ.

"ಯಾವುದೋ ಕಂಪನಿದು. ಫ್ರೀ ಅದ, ನೀನೂ ತಗೋ."

ಫ್ರೀ ಎಂಬ ಮಾತು ನಿಲ್ದಾಣದ ತುಂಬ ಹರಡಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಸೋಲೊಪ್ಪದೆ ನಾನು ಇನ್ನೆರಡು ಒಗೆದೆ. ಅವನ್ನು ಗಾಳಿಯಲ್ಲೇ ಹಿಡಿದರು! ಸಿಂಧನೂರು ಬಸ್ಸಿಗೆ ನಿಂತವರೂ ಈ ಕಡೆ ಓಡಿ ಬಂದರು. "ಯವ್ವಾ, ನನಗೊಂದು ಒಗಿ!" "ನಮ್ಮ ಮನಿಯಾಗ ಗಂಡಸರೇ ಐದು ಮಂದಿ ಅದಾರ, ಮೇಡಂ!" ಎಂದು ಕೈ ಚಾಚಿದರು. ನನ್ನ ಕಂಕುಳಲ್ಲಿದ್ದ ಕಟ್ಟು ಯಾವಾಗ ಖಾಲಿಯಾಯಿತೋ ನನಗೆ ತಿಳಿಯಲೇ ಇಲ್ಲ.

ಬಸ್ಸಿನೊಳಗೆ ನುಗ್ಗಿ ಆ ಹಿರಿಯರ ಮುಂದೆ ನಿಂತೆ. "ಯಜಮಾನ್ರ, ಇದು ಸೀಟು ಹಿಡಿಯಾಕ ಹಾಕಿದ್ದ ಟವೆಲ್ರಿ!"

ಅವರಿಗೆ ನಿಜವಾಗಿಯೂ ಆಶ್ಚರ್ಯವಾಯಿತು. "ಸೀಟು ಹಿಡಿಯಾಕ ಹಾಕಿದ್ದಂದ್ರ ಮಾಸಿದ ಟವೆಲ್ ಇರ್ತದ ತಂಗೀ. ಮಡಿಕಿ ಬಿಚ್ಚದ ಟವೆಲ್ ಯಾರರ ಸೀಟಿಗಿ ಒಗೀತಾರೇನು? ಮದುವ್ಯಾಗ ಆಯೇರಿ ಮಾಡಿದಂಗ ಇತ್ತು, ಅದಕ್ಕ ಹೊತಗೊಂಡೆ."

ಬೆವರಿನ ವಾಸನೆಯ ಹಳೇ ಟವೆಲ್ ಬಿದ್ದರೆ ಅಲ್ಲೊಬ್ಬ ಮನುಷ್ಯ ಇದ್ದಾನೆಂದು ಅರ್ಥ. ಹೊಸದು ಬಿದ್ದರೆ ಅದು ಕಾಣಿಕೆ. ಹುಟ್ಟಿದಾಗಿನಿಂದ ಕಂಡ ಈ ಸಂಗತಿ ಬ್ರ್ಯಾಂಡಿಂಗಿನ ಅಮಲಿನಲ್ಲಿ ನನಗೆ ಮರೆತೇ ಹೋಗಿತ್ತು.

ಅಷ್ಟರಲ್ಲಿ ಆ ಗಂಡ ಹೆಂಡತಿ ಹತ್ತಿ ಬಂದರು. "ಎಲ್ಲದ ನಮ್ಮ ಸೀಟು?" ಎಂದು ಗಂಡ ನನ್ನನ್ನು ಕೇಳಿದ. "ನಿನ್ನ ನಂಬಿ ನಿಂತಿದ್ದಕ್ಕ ಹಿಂಗಾತು, ನಾವೇ ಓಡಿದ್ರ ಸಿಗತಿತ್ತು," ಎಂದು ಹೆಂಡತಿ ಅವನನ್ನು ಬಿಟ್ಟು ನನ್ನನ್ನು ಬೈದಳು. ಕಂಪನಿಯ ಪರವಾಗಿ ವಿಷಾದ ವ್ಯಕ್ತಪಡಿಸಿದೆ. ಅವಳು ಕಂಪನಿಗೂ ಸೇರಿಸಿ ಬೈದಳು.

ಬಸಮ್ಮಜ್ಜಿ ಮಾತ್ರ ನಿಧಾನವಾಗಿ ಹತ್ತಿದರು. ಕಿಟಕಿ ಪಕ್ಕದವನಿಗೆ, "ಈ ಕಡಿ ಜರಾ ಸರಿಯಪ್ಪಾ," ಎಂದರು. ಅವನು ಸರಿದ. ಕೂತರು. ನನ್ನ ಇಡೀ ವ್ಯವಹಾರವನ್ನು ಒಂದು ಮಾತಿನಲ್ಲಿ ಮುಗಿಸಿ, ನನಗೇ ಕಿಟಕಿಯಿಂದ ಕೈ ಬೀಸಿದರು.

ಬಸ್ಸು ಹೋಯಿತು. ಟವೆಲೂ ಹೋದವು. ನಮಗೆ ಉಳಿದದ್ದು ವಿಡಿಯೋ.

"ಫಿಕರ್ ಮಾಡಬ್ಯಾಡ ಶರಣಮ್ಮಾ," ಎಂದ ಮೆಹಬೂಬ. "ಒಗಿಯೋದು ಇಡ್ತೀನಿ, ಬೈಯೋದು ತಗೀತೀನಿ. ಮಂದಿ ನಗಾಕತ್ತಾರಲ್ಲ, ಅದು ಸಾಕು."

ಮಧ್ಯಾಹ್ನ ರಾಯಚೂರಿನ ಒಂದು ಸಭಾಂಗಣದಲ್ಲಿ ಸ್ಪರ್ಧೆ. ತೀರ್ಪುಗಾರರು ಇಬ್ಬರು: ಒಬ್ಬರು ಬ್ಯಾಂಕ್ ಮೇಡಂ, ಇನ್ನೊಬ್ಬರು ಮಾನ್ವಿಯ ಅಕ್ಕಿ ಗಿರಣಿಯ ಸಾಹುಕಾರರು. ಕಾಲು ಒಂದು ಕಡೆ ನಿಲ್ಲದೆ ವೇದಿಕೆಯ ಈ ತುದಿಯಿಂದ ಆ ತುದಿಗೆ ಓಡಾಡುತ್ತ ಮಾತಾಡಿದೆ. ಸಾಹುಕಾರರ ತಲೆಯೂ ನನ್ನ ಜೊತೆಗೇ ಆಚೆಯಿಂದೀಚೆಗೆ ತಿರುಗಿತು. ಕೊನೆಗೆ, "ಈಗ ನಮ್ಮ ಸಂತೃಪ್ತ ಗಿರಾಕಿಗಳನ್ನು ನೋಡಿ!" ಎಂದು ಪರದೆಯ ಕಡೆ ಕೈ ಮಾಡಿದೆ.

ಮೆಹಬೂಬ ಗಡಿಬಿಡಿಯಲ್ಲಿ ಕತ್ತರಿಸದ ವಿಡಿಯೋ ಹಾಕಿದ್ದ!

ಟವೆಲ್ ಹಾರಿತು, ಜನ ಹಾರಿದರು, ಆ ಹೆಂಗಸಿನ ಬೈಗುಳ ಸಭಾಂಗಣದ ನಾಲ್ಕೂ ಸ್ಪೀಕರುಗಳಲ್ಲಿ ಕೇಳಿಸಿತು. ನಾನು ಮೈಕಿನ ಹಿಂದೆ ಅಡಗಲು ನೋಡಿದೆ, ಮೈಕು ತೆಳ್ಳಗಿತ್ತು. ಕೊನೆಗೆ ಪರದೆಯ ತುಂಬ ಬಸಮ್ಮಜ್ಜಿಯ ಮುಖ ಬಂತು. "ಕಂಪನಿಯವ್ರಿಗಿ ಶರಣ್ರೀ. ಟವೆಲ್ ಚಲೋ ಅದಾವ. ಸೀಟು ನಾನೇ ಹಿಡಕೊಂಡೀನಿ, ಕಾಳಜಿ ಮಾಡಬ್ಯಾಡ್ರಿ."

ಸಭೆ ಬಿದ್ದು ಬಿದ್ದು ನಕ್ಕಿತು. ಸಾಹುಕಾರರು ಕಣ್ಣೊರೆಸಿಕೊಂಡರು.

ಬ್ಯಾಂಕ್ ಮೇಡಂ ಮಾತ್ರ ನಗಲಿಲ್ಲ. "ನಿಮ್ಮದು ಸೀಟಿನ ಕಂಪನಿಯೋ, ಟವೆಲಿನ ಕಂಪನಿಯೋ?" ಎಂದು ಕೇಳಿದರು.

"ಎರಡೂ, ಮೇಡಂ," ಎಂದೆ. "ಡೈವರ್ಸಿಫಿಕೇಶನ್!"

ಬಹುಮಾನ ಮೆಣಸಿನಪುಡಿ ಮಾರುವ ಯೋಜನೆ ತಂದಿದ್ದ ತಂಡಕ್ಕೆ ಹೋಯಿತು. ನಮಗೆ ಭಾಗವಹಿಸಿದ್ದಕ್ಕೆ ಪ್ರಮಾಣಪತ್ರ ಕೊಟ್ಟರು. ಹೊರಗೆ ಮೆಟ್ಟಿಲ ಮೇಲೆ ಗಲ್ಲಾದ ಚಿತ್ರ ಕಣ್ಣ ಮುಂದೆ ಬಂದು ನನಗೆ ನಿಜಕ್ಕೂ ಅಳು ಬಂತು. ಆಗ ಸಾಹುಕಾರರು ಬಳಿಗೆ ಬಂದರು.

"ತಂಗೀ, ನಿನ್ನ ವಿಚಾರ ನನಗ ಭಾಳ ಹಿಡಿಸ್ತು."

ಎದೆ ಉಬ್ಬಿತು. ಬಂಡವಾಳ ಹಾಕುತ್ತಾರೆ! ಅಣ್ಣನಿಗೆ ಏನು ಹೇಳಬೇಕೆಂದು ಮನಸ್ಸಿನಲ್ಲೇ ಭಾಷಣ ತಯಾರಾಯಿತು.

"ನಮ್ಮ ಕಾರು ಗ್ಯಾರೇಜಿನ್ಯಾಗ ಅದ," ಎಂದರು. "ಮಾನ್ವಿ ಬಸ್ಸಿನ್ಯಾಗ ನನಗೊಂದು ಸೀಟು ಹಿಡಿದು ಕೊಡ್ತೀಯೇನು?"

ನಿಲ್ದಾಣದಲ್ಲಿ ಬಸ್ಸಿನ ಜೊತೆ ಓಡಿದೆ. ಟವೆಲ್ ಇರಲಿಲ್ಲ, ದಿನವಿಡೀ ಬೆವರು ಒರೆಸಿಕೊಂಡಿದ್ದ ನನ್ನ ವೇಲನ್ನೇ ಒಗೆದೆ. ಯಾರೂ ಮುಟ್ಟಲಿಲ್ಲ! ಸಾಹುಕಾರರು ಆರಾಮಾಗಿ ಹತ್ತಿ, ಕಿಟಕಿ ಪಕ್ಕ ಕೂತು, ವೇಲನ್ನು ಹೊರಗೆ ಚಾಚಿದರು.

"ನೋಡ್ರಿ ಸಾಹುಕಾರ್ರ, ಸೀಟು ಸಿಕ್ತಲ್ಲ!" ಎಂದೆ ಏದುಸಿರು ಬಿಡುತ್ತ. "ಮತ್ತ ನನಗ ಬಹುಮಾನ ಯಾಕ ಕೊಡಲಿಲ್ರಿ?"

"ಕೆಲಸ ಚಲೋ ಮಾಡ್ತಿ," ಎಂದರು. "ಆದ್ರ ಇದಕ್ಕ ಯಾರರ ರೊಕ್ಕ ಕೊಡ್ತಾರೇನವಾ?"

ಬಸ್ಸು ಹೊರಟಿತು. ಅವರು ಕೊಡಲಿಲ್ಲ.

ದೇವದುರ್ಗದ ಬಸ್ಸಿನಲ್ಲಿ ಜೋತುಬಿದ್ದು ನಿಂತು ಅಣ್ಣನಿಗೆ ಫೋನ್ ಮಾಡಿದೆ. ಸೋತೆ ಎಂದು ನಾನು ಹೇಳಲೇ ಇಲ್ಲ, ಬರೀ "ಅಣ್ಣಾ" ಎಂದೆ.

"ಆತು ಬಾ," ಎಂದ. "ಗಲ್ಲಾದ ಕುರ್ಚಿಗಿ ಹೊಸಾ ದಿಂಬು ಹಾಕಸೀನಿ."

"ಯಾವಾಗ ಹಾಕಸಿದಿ?"

"ನೀ ಸ್ಪರ್ಧಾಕ್ಕ ಹೆಸರು ಕೊಟ್ಟೀನಿ ಅಂದ ದಿನಾನ."

ಪರೀಕ್ಷೆ ಮುಗಿದು ತಿಂಗಳಾಯಿತು. ಈಗ ಆ ದಿಂಬಿನ ಮೇಲೆ ಕೂತೇ ಇದನ್ನು ಬರೆಯುತ್ತಿದ್ದೇನೆ. ಬೆಳಿಗ್ಗೆಯಿಂದ ಒಮ್ಮೆಯೂ ಎದ್ದಿಲ್ಲ. ದಿಂಬು ಬಲು ಮೆತ್ತಗಿದೆ, ನನಗೆ ಸಿಟ್ಟು ಬರುವುದೇ ಅದಕ್ಕೆ!